ಅರ್ಧ ಉದುರಿದ ಗೋಪುರ: ಹಳೇ ಇಳಕಲ್ ಸೀರೆಯ ಗವಂತಿ ರಿಪೇರಿ

ಸೀರೆ ನಮ್ಮ ಚಿಗವ್ವನ ಅತ್ತೆಯದು. ಕಪ್ಪು ಚಂದ್ರಕಾಳಿ. ಸೆರಗಿನ ಪಕ್ಕದಲ್ಲಿ ಕೆಂಪು, ಬಿಳಿ, ಹಸಿರು ದಾರದ ಕಸೂತಿ. ಬಟ್ಟೆ ಇನ್ನೂ ಗಟ್ಟಿಯಾಗಿದೆ. ಹಾಳಾಗಿರುವುದು ಕೆಂಪು ಗೋಪುರಗಳ ಒಂದು ಸಾಲು ಮಾತ್ರ, ಅದೂ ವಿಚಿತ್ರವಾಗಿ ಹಾಳಾಗಿದೆ. ಸಾಮಾನ್ಯವಾಗಿ ಹಳೇ ಕಸೂತಿ ಸವೆದರೆ ಒಂದು ಮೂಲೆ ಪೂರ್ತಿ ಕಿತ್ತುಹೋಗುತ್ತದೆ, ಇಲ್ಲಾ ಮಡಿಕೆ ಬಿದ್ದ ಕಡೆ ದಾರ ಮುರಿದಿರುತ್ತದೆ. ಇಲ್ಲಿ ಹಾಗಿಲ್ಲ. ಪ್ರತಿ ಗೆರೆಯಲ್ಲೂ ಒಂದು ಹೊಲಿಗೆ ಇದೆ, ಮುಂದಿನದು ಇಲ್ಲ, ಅದರ ಮುಂದಿನದು ಇದೆ, ಮತ್ತೆ ಇಲ್ಲ. ಇಡೀ ಸಾಲಿಗೆ ಸಾಲೇ ತುಂಡು ಗೆರೆಯಲ್ಲಿ ಬರೆದ ಗೋಪುರ.

ನಾನು ಹೊಟ್ಟೆಪಾಡಿಗೆ ಮಷೀನ್ ಪಾರ್ಟುಗಳ ಡ್ರಾಯಿಂಗ್ ಮಾಡುವವಳು. ತುಂಡು ಗೆರೆ ಅಂದರೆ ನನಗೆ ದಿನಾ ಕಾಣುವ ವಸ್ತು. ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ: ಈ ಅಂಚು ಇದೆ, ಆದರೆ ನೀವು ನಿಂತ ಕಡೆಯಿಂದ ಕಾಣುವುದಿಲ್ಲ. ಮುಂದಿನ ಮುಖದ ಹಿಂದೆ ಅಡಗಿದೆ. ಡಿಪ್ಲೊಮಾದ ಮೊದಲ ವರ್ಷದಲ್ಲೇ ಕಲಿಸುವ ಪಾಠ ಇದು. ಈ ಸೀರೆಗೆ ಆ ಅರ್ಥ ಅಷ್ಟು ಸರಿಯಾಗಿ ಹೊಂದುತ್ತದೆ ಅಂತ ಮಾತ್ರ ನಾನು ಅಂದುಕೊಂಡಿರಲಿಲ್ಲ.

ಕಸೂತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಧಾರವಾಡದ ಕಡೆಯ ಕಸೂತಿಯಲ್ಲಿ ನಾಲ್ಕು ಥರದ ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಬಟ್ಟೆ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೊಲಿಯುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿ ಮತ್ತು ಮುರ್ಗಿಯಲ್ಲಿ ಮುಂದೆ ಹೇಗೆ ಕಾಣುತ್ತದೋ ಹಿಂದೆಯೂ ಹಾಗೇ ಕಾಣಬೇಕು. ಗವಂತಿ ಕೆಲಸ ಮಾಡುವುದು ಹೀಗೆ: ಸೂಜಿ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು, ಸಾದಾ ಓಟದ ಹೊಲಿಗೆ. ಸಾಲಿನ ಕೊನೆ ಮುಟ್ಟಿದಾಗ ಮುಂದೆ ಒಂದು ತುಂಡು ಗೆರೆ, ಹಿಂದೆ ಒಂದು ತುಂಡು ಗೆರೆ. ಮುಂದೆ ಎಲ್ಲಿ ಖಾಲಿಯೋ ಹಿಂದೆ ಅಲ್ಲಿ ದಾರ. ಆಮೇಲೆ ಅದೇ ತೂತುಗಳಲ್ಲಿ ವಾಪಸ್ ಬರುತ್ತಾರೆ. ಖಾಲಿ ಜಾಗಗಳೆಲ್ಲ ತುಂಬಿ ಎರಡೂ ಕಡೆ ಪೂರ್ತಿ ಗೆರೆ ಆಗುತ್ತದೆ.

ಯುರೋಪಿನಲ್ಲಿ ಇದೇ ಹೊಲಿಗೆಗೆ ಹೋಲ್ಬೈನ್ ಹೊಲಿಗೆ ಅಂತ ಹೆಸರು. ಅದು ಒಬ್ಬ ಚಿತ್ರಕಾರನ ಹೆಸರು, ಅವನು ಹೊಲಿದವನೇನಲ್ಲ. 1536ರ ಸುಮಾರಿಗೆ ಹ್ಯಾನ್ಸ್ ಹೋಲ್ಬೈನ್ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರ್ ಚಿತ್ರ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಅದರಲ್ಲಿ ಅವಳ ತೋಳಿನ ತುದಿಯ ಬಟ್ಟೆಯ ಮೇಲೆ ಕಪ್ಪು ದಾರದ ಕೆಲಸವನ್ನು ಒಂದೊಂದು ಗೆರೆ ಕಾಣುವ ಹಾಗೆ ಬರೆದಿದ್ದಾನೆ. ತೋಳಿನ ತುದಿಗೆ ಈ ಹೊಲಿಗೆ ಯಾಕೆ ಅಂದರೆ, ಬಟ್ಟೆ ಮಡಚಿಕೊಂಡು ಹಿಂಭಾಗವೂ ಕಾಣುತ್ತದೆ. ಸೆರಗಿಗೂ ಅದೇ ಕಾರಣ ಅಲ್ವಾ.

ಹಾಗಾಗಿ ನಮ್ಮ ಗೋಪುರಕ್ಕೆ ಏನಾಗಿದೆ ಅಂತ ಊಹಿಸುವುದು ಕಷ್ಟವಾಗಲಿಲ್ಲ. ಎರಡು ಓಟದಲ್ಲಿ ಒಂದು ಓಟದ ದಾರ ಪೂರ್ತಿ ಹೋಗಿದೆ. ಚಿಗವ್ವ ಕನ್ನಡಕ ಏರಿಸಿಕೊಂಡು ಒಂದೇ ಮಾತು ಹೇಳಿದಳು, "ಮುಂದ ಏನ್ ನೋಡ್ತಿ, ಹೊಳ್ಳಿಸಿ ನೋಡವಾ."

ಎರಡು ಫೋಟೊ, ಒಂದರ ಮೇಲೊಂದು

ಹೊಳ್ಳಿಸಿ ನೋಡಿದರೆ ಹಿಂದೆಯೂ ತುಂಡು ಗೆರೆಯೇ. ಊಹೆ ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಲು ಕಿಟಕಿ ಬೆಳಕಿನಲ್ಲಿ ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೊ ತೆಗೆದೆ. ಮೊಬೈಲನ್ನು ಬಟ್ಟೆಗೆ ನೇರವಾಗಿ ಹಿಡಿಯಬೇಕು, ಓರೆಯಾದರೆ ಆಮೇಲೆ ಹೊಂದುವುದಿಲ್ಲ. ಹಿಂದಿನ ಫೋಟೊವನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ, ಅರ್ಧ ಪಾರದರ್ಶಕ ಮಾಡಿ, ಮುಂದಿನದರ ಮೇಲೆ ಇಟ್ಟೆ. ಗೋಪುರ ಪೂರ್ತಿಯಾಯಿತು. ಒಂದು ಫೋಟೊದ ಖಾಲಿಯಲ್ಲಿ ಇನ್ನೊಂದರ ಹೊಲಿಗೆ ಕೂತಿತು. ಉಳಿದಿರುವುದು ಒಂದೇ ಓಟದ ದಾರ ಅನ್ನುವುದು ಪಕ್ಕಾ.

ಇನ್ನೂ ಮಜಾ ಬಂದಿದ್ದು ಹೊಂದದ ಜಾಗಗಳಲ್ಲಿ. ಗೋಪುರದ ಎರಡೂ ಪಕ್ಕದಲ್ಲಿ ಚಿಕ್ಕ ಚಿಕ್ಕ ಕವಲುಗಳಿವೆ, ಎರಡು ಮೂರು ಹೊಲಿಗೆಯವು. ಎಡಗಡೆಯ ಕವಲುಗಳು ಒಂದೂ ಹಾಳಾಗಿಲ್ಲ, ಎರಡೂ ಮುಖದಲ್ಲಿ ಪೂರ್ತಿ ಗೆರೆ ಇದೆ. ಬಲಗಡೆಯವು ಪೂರ್ತಿ ಮಾಯ, ಬರೀ ತೂತು ಉಳಿದಿದೆ. ಇದರ ಅರ್ಥ ಇಷ್ಟೇ: ಹೊಲಿದಾಕೆ ಹೋಗುವಾಗ ಎಡಗಡೆಯ ಪ್ರತಿ ಕವಲಿಗೂ ಹೊಕ್ಕು, ಅಲ್ಲೇ ವಾಪಸ್ ಬಂದು ಮುಗಿಸಿ ಮುಂದೆ ಹೋಗಿದ್ದಾರೆ. ಬಲಗಡೆಯವನ್ನು ಬರುವಾಗ ಮಾಡೋಣ ಅಂತ ಬಿಟ್ಟಿದ್ದಾರೆ. ಹೋಗುವ ಓಟದ ದಾರ ಉಳಿಯಿತು, ಬರುವ ಓಟದ ದಾರ ಹೋಯಿತು. ಹೋದ ದಾರದ ಪುಡಿ ಕೆಲವು ತೂತುಗಳಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಮಂಕು ಕೆಂಪು, ಮುಟ್ಟಿದರೆ ಉದುರುತ್ತದೆ. ಉಳಿದ ದಾರಕ್ಕೆ ಇನ್ನೂ ಹೊಳಪಿದೆ. ಬಹುಶಃ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ದಾರದ ಲಡಿ ಮುಗಿದು, ಬೇರೆ ಕಡೆಯ ಲಡಿ ತಂದಿರಬೇಕು. ಆ ಎರಡನೇ ಲಡಿಯ ಬಣ್ಣವೋ, ದಾರವೋ ಚೆನ್ನಾಗಿರಲಿಲ್ಲ.

ಸೂಜಿ ಹೋದ ದಾರಿಯನ್ನು ಇಷ್ಟು ಸ್ಪಷ್ಟವಾಗಿ ಓದಬಹುದು ಅಂತ ಪೂರ್ತಿ ಇದ್ದ ಗೋಪುರ ನೋಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಒಳ್ಳೆಯ ಗವಂತಿ ತಾನು ಹೇಗೆ ಆಯಿತು ಅನ್ನುವುದನ್ನು ಮುಚ್ಚಿಬಿಡುತ್ತದೆ.

ಚಾರ್ಟ್

ರಿಪೇರಿಗೆ ಮೊದಲು ಚಾರ್ಟ್ ಮಾಡಿಕೊಂಡೆ. ಚೌಕಳಿ ಹಾಳೆ ಸಾಕಾಗುತ್ತಿತ್ತು, ಆದರೆ ನನಗೆ ಕಂಪ್ಯೂಟರ್ ಚಟ. ಸೀದಾ ಎಸ್‌ವಿಜಿ ಫೈಲನ್ನು (ಗೆರೆಗಳನ್ನು ಅಕ್ಷರ, ಅಂಕಿಗಳಲ್ಲಿ ಬರೆದಿಡುವ ಚಿತ್ರದ ಫೈಲು) ಕೈಯಿಂದ ಬರೆದೆ, ಒಂದು ಹೊಲಿಗೆಗೆ 10 ಅಳತೆ. ಡ್ಯಾಶ್‌ಅರ್ರೇ 10 10, ಅಂದರೆ 10 ಗೆರೆ, 10 ಖಾಲಿ ಅಂತ ಕೊಟ್ಟರೆ ಹೋಗುವ ಓಟ. ಅದೇ ಗೆರೆಯನ್ನು ನಕಲು ಮಾಡಿ, ಡ್ಯಾಶ್‌ಆಫ್‌ಸೆಟ್ 10 ಕೊಟ್ಟು, ಅಂದರೆ ತುಂಡುಗಳನ್ನು 10 ಸರಿಸಿ, ಬೇರೆ ಬಣ್ಣ ಹಾಕಿದರೆ ಬರುವ ಓಟ. ಎರಡೂ ಸೇರಿ ಪೂರ್ತಿ ಗೆರೆ. ಇಷ್ಟು ಸುಲಭ.

ಎರಡು ಕಡೆ ಮಾತ್ರ ಗಮನ ಕೊಡಬೇಕು. ಮೊದಲನೆಯದು ಗೆರೆಯ ತುದಿ. ದುಂಡು ತುದಿ ಆರಿಸಿದರೆ ಪ್ರತಿ ತುಂಡೂ ಎರಡು ಕಡೆ ಗೆರೆಯ ದಪ್ಪದ ಅರ್ಧದಷ್ಟು ಉದ್ದವಾಗುತ್ತದೆ. ದಪ್ಪ 4 ಇದ್ದರೆ, 10 ಇರಬೇಕಾದ ಖಾಲಿ ಜಾಗ ಕಣ್ಣಿಗೆ 6 ಆಗಿ ಕಾಣುತ್ತದೆ. ಪೋಸ್ಟರ್‌ಗಳಲ್ಲಿ ಎಷ್ಟೋ ಜನ "ಡ್ಯಾಶ್ ಕೊಟ್ಟರೂ ಗೆರೆ ಅಂಟಿಕೊಂಡ ಹಾಗೆ ಕಾಣುತ್ತದೆ" ಅಂತ ಒದ್ದಾಡುವುದು ಇದಕ್ಕೇ. ಚಪ್ಪಟೆ ತುದಿ (ಬಟ್ ಕ್ಯಾಪ್) ಇಡಿ, ಕೊಟ್ಟ ಅಳತೆಯೇ ಬರುತ್ತದೆ. ಎರಡನೆಯದು ಕರ್ಣ, ಅಂದರೆ ಓರೆ ಹೊಲಿಗೆ. ಗೋಪುರದ ಶಿಖರದಲ್ಲಿ ಓರೆ ಗೆರೆಗಳಿವೆ. ಚೌಕಳಿಯಲ್ಲಿ ಒಂದು ಮನೆ ಓರೆಯಾಗಿ ದಾಟಿದರೆ ಉದ್ದ 10 ಅಲ್ಲ, 14.14. ನೆಟ್ಟಗಿನ ಗೆರೆಯನ್ನೂ ಓರೆ ಗೆರೆಯನ್ನೂ ಒಂದೇ ಪಾತ್ ಆಗಿ, ಅಂದರೆ ಎಲ್ಲೂ ಕಡಿಯದ ಒಂದೇ ಗೆರೆಯಾಗಿ ಬರೆದರೆ ಶಿಖರದಿಂದ ಮುಂದೆ ಡ್ಯಾಶುಗಳೆಲ್ಲ ತೂತು ಬಿಟ್ಟು ಜಾರುತ್ತವೆ, ಮೂಲೆಯಲ್ಲಿ ಮುರಿದುಕೊಂಡು ಕೂರುತ್ತವೆ. ಹಾಗಾಗಿ ಕರ್ಣಗಳನ್ನೆಲ್ಲ ಬೇರೆ ಪಾತ್ ಮಾಡಿ, ಅವಕ್ಕೆ 14.14 ಕೊಟ್ಟೆ. ಇಲಸ್ಟ್ರೇಟರ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಡ್ಯಾಶುಗಳನ್ನು ಮೂಲೆಗೆ ಹೊಂದಿಸುವ ಒಂದು ಬಟನ್ ಇದೆ. ಆದರೆ ಅದು ಹೊಂದಿಸಲು ಉದ್ದವನ್ನೇ ಸ್ವಲ್ಪ ಹಿಗ್ಗಿಸಿ ಕುಗ್ಗಿಸುತ್ತದೆ, ಕಣ್ಣಿಗೆ ಚೆನ್ನ, ನಮಗೆ ಬೇಡ.

ಇನ್ನೊಂದು: ಕೈಮಗ್ಗದ ಬಟ್ಟೆಯಲ್ಲಿ ಹಾಸು (ಉದ್ದದ ಎಳೆ) ಮತ್ತು ಹೊಕ್ಕು (ಅಡ್ಡ ಎಳೆ) ಒಂದೇ ದಟ್ಟಣೆಯಲ್ಲಿ ಇರಬೇಕೆಂದಿಲ್ಲ. ಈ ಸೀರೆಯಲ್ಲಿ ಇಲ್ಲ. ನಾಲ್ಕು ನಾಲ್ಕು ಎಳೆ ಎಣಿಸಿದರೂ ಮನೆ ಚೌಕವಾಗದೆ ತುಸು ಎತ್ತರವಾಗಿದೆ, ಗೋಪುರವೂ ಎತ್ತರವಾಗಿದೆ. ಪರದೆಯ ಮೇಲಿನ ಗೋಪುರ ಕುಳ್ಳ. ಚಾರ್ಟನ್ನು ಫೋಟೊದ ಮೇಲೆ ಇಟ್ಟು ನೋಡುವವರು ಉದ್ದಕ್ಕೆ ಎಳೆದುಕೊಳ್ಳಿ, ಹೊಲಿಯುವಾಗ ಎಳೆ ಎಣಿಕೆಯನ್ನಷ್ಟೇ ನಂಬಿ.

ಸೂಜಿಯ ದಾರಿ

ಹೊಸದಾಗಿ ಹೊಲಿಯುವವರಿಗೆ ಇದು ಬೇಕಾಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೆಟ್ಟಗಿನ ಗೆರೆಯಲ್ಲಿ ಹೋಗಿ ಬರುವುದು ಸುಲಭ. ಮುಚ್ಚಿದ ಆಕೃತಿ ಬಂದಾಗ ತಲೆ ಕೆಡುತ್ತದೆ. ಗೋಪುರದ ಕಿಟಕಿ ತೆಗೆದುಕೊಳ್ಳಿ, ಬದಿಗೆ ಒಂದೊಂದರಂತೆ ನಾಲ್ಕು ಹೊಲಿಗೆಯ ಚೌಕ. ಮೊದಲ ಬದಿ ಮೇಲೆ, ಎರಡನೆಯದು ಬಟ್ಟೆಯ ಹಿಂದೆ, ಮೂರನೆಯದು ಮೇಲೆ, ನಾಲ್ಕನೆಯದು ಹಿಂದೆ. ಶುರುವಾದ ತೂತಿಗೆ ಬಂದಿರಿ. ಈಗ ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೊರಟರೆ ಐದನೇ ಹೊಲಿಗೆ ಮತ್ತೆ ಮೇಲೆ, ಮೊದಲ ಬದಿಯ ಮೇಲೇ ಬೀಳುತ್ತದೆ. ಎಷ್ಟು ಸುತ್ತು ಹಾಕಿದರೂ ಎರಡು ಬದಿ ಖಾಲಿಯೇ. ಚೌಕ ಮುಗಿಸಬೇಕೆಂದರೆ ಹೊಳ್ಳಿ, ಬಂದ ದಾರಿಯಲ್ಲೇ ಉಲ್ಟಾ ಹೋಗಬೇಕು.

ಮೂರು ಹೊಲಿಗೆಯ ತ್ರಿಕೋನವಾದರೆ ಇದರ ಉಲ್ಟಾ. ಮೇಲೆ, ಹಿಂದೆ, ಮೇಲೆ. ನಾಲ್ಕನೇ ಹೊಲಿಗೆ ತಾನಾಗೇ ಮೊದಲ ಬದಿಯ ಹಿಂಭಾಗಕ್ಕೆ ಬೀಳುತ್ತದೆ. ಅದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರೆ ಆರು ಹೊಲಿಗೆಗೆ ಎರಡೂ ಮುಖ ತುಂಬುತ್ತದೆ. ಅಂದರೆ ಸುತ್ತಿನಲ್ಲಿ ಹೊಲಿಗೆ ಸಮ ಇದ್ದರೆ ಹೊಳ್ಳಿ ಬನ್ನಿ, ಬೆಸ ಇದ್ದರೆ ಮುಂದಕ್ಕೇ ಹೋಗಿ. ಇಷ್ಟು ಗೊತ್ತಿದ್ದರೆ ಬಿಡಿಭಾಗಗಳು ಒಂದಕ್ಕೊಂದು ಅಂಟಿಕೊಂಡಿರುವ ಯಾವ ಚಿತ್ರವನ್ನಾದರೂ ದಾರ ಕತ್ತರಿಸದೆ ಎರಡೂ ಕಡೆ ಒಂದೇ ಥರ ಹೊಲಿಯಲು ಆಗುತ್ತದೆ. ಗಣಿತದವರು ಇದನ್ನು ಸಾಧಿಸಿಯೂ ತೋರಿಸಿದ್ದಾರೆ. ಕಾರಣ ಸರಳ: ಪ್ರತಿ ತೂತಿಗೆ ಮುಂದೆ ಎಷ್ಟು ಹೊಲಿಗೆ ಬಂದು ಸೇರುತ್ತವೋ ಹಿಂದೆಯೂ ಅಷ್ಟೇ ಸೇರುತ್ತವೆ, ಹಾಗಾಗಿ ದಾರ ಎಲ್ಲೂ ಸಿಕ್ಕಿ ನಿಲ್ಲಬೇಕಾಗಿಲ್ಲ. ಚಿಗವ್ವನಿಗೆ ಇದನ್ನು ಹೇಳಿದೆ. "ಹೌದಲ್ಲ, ಅದಕ್ಕ ಇಷ್ಟ್ಯಾಕ ಲೆಕ್ಕಾ?" ಅಂದಳು. ಅವಳ ಕೈಗೆ ಗೊತ್ತಿದೆ.

ದಾರ ಮತ್ತು ಬಣ್ಣ

ಕುಚ್ಚು ಕಟ್ಟುವ ಹೊಳೆಯುವ ದಾರ ಇಲ್ಲಿ ಬೇಡ. ಜಾರುತ್ತದೆ, ಹುರಿ ಬಿಚ್ಚಿಕೊಳ್ಳುತ್ತದೆ. ಆಂಕರ್ ಹತ್ತಿ ದಾರ ಆರು ಎಳೆಯದು ಬರುತ್ತದಲ್ಲ, ಅದರಲ್ಲಿ ಎರಡೆಳೆ ಬಿಡಿಸಿಕೊಂಡರೆ ಹಳೇ ದಾರದ ದಪ್ಪಕ್ಕೆ ಸರಿಹೋಯಿತು. ಹೊಳಪು ಹಳೆಯದಕ್ಕಿಂತ ಕಡಿಮೆ, ಇರಲಿ. ಕೆಂಪು ದಾರ ಆದ್ದರಿಂದ ಮೊದಲು ಒಂದು ಗೇಣು ಕತ್ತರಿಸಿ ಬಿಸಿನೀರಲ್ಲಿ ನೆನೆಸಿ ಬಿಳಿ ಬಟ್ಟೆಯ ಮಧ್ಯೆ ಒತ್ತಿ ನೋಡಿದೆ. ಬಣ್ಣ ಬಿಡಲಿಲ್ಲ. ಈ ಪರೀಕ್ಷೆ ಮಾಡದೆ ಹಳೇ ಸೀರೆಗೆ ಕೆಂಪು ದಾರ ಹಾಕಬೇಡಿ, ಪಕ್ಕದಲ್ಲೇ ಬಿಳಿ ದಾರ ಇರುತ್ತದೆ.

ಯಾವ ಕೆಂಪು ಅನ್ನುವುದೇ ದೊಡ್ಡ ಚರ್ಚೆಯಾಯಿತು. ಹಳೇ ಕೆಂಪಿಗೆ ಪೂರ್ತಿ ಹೊಂದುವ ದಾರ ಹಾಕಿದರೆ ರಿಪೇರಿ ಎಲ್ಲಿ ಅಂತ ಯಾರಿಗೂ ತಿಳಿಯುವುದಿಲ್ಲ. ಚಿಗವ್ವನಿಗೆ ಅದೇ ಬೇಕಿತ್ತು. ನನಗೆ ಬೇಡವಾಗಿತ್ತು. ಇಟಲಿಯಲ್ಲಿ ಹಳೇ ವರ್ಣಚಿತ್ರ ದುರಸ್ತಿ ಮಾಡುವವರ ಒಂದು ಪದ್ಧತಿ ಇದೆ, ಟ್ರಾಟೆಜ್ಜೊ ಅಂತ. ರೋಮಿನ ದುರಸ್ತಿ ಸಂಸ್ಥೆಯಲ್ಲಿ ಚೇಸರೆ ಬ್ರಾಂಡಿ ಮತ್ತು ಅವರ ಜೊತೆಗಾರರು 1940ರ ದಶಕದಲ್ಲಿ ರೂಪಿಸಿದ್ದು. ಬಣ್ಣ ಉದುರಿದ ಜಾಗವನ್ನು ಸಲೀಸಾಗಿ ತುಂಬುವ ಬದಲು, ಸಣ್ಣ ಸಣ್ಣ ನಿಂತ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ಚಿತ್ರ ಪೂರ್ತಿ ಕಾಣುತ್ತದೆ. ಹತ್ತಿರ ಹೋದರೆ ಇಷ್ಟು ಹಳೆಯದು, ಇಷ್ಟು ನಮ್ಮದು ಅಂತ ಗೊತ್ತಾಗುತ್ತದೆ. ನಮ್ಮ ಗೋಪುರದಲ್ಲಿ ಆ ಕೆಲಸ ಅರ್ಧ ತಾನಾಗೇ ಆಗಿದೆ: ಹಳೆಯದು ಒಂದು, ಹೊಸದು ಒಂದು, ಹಳೆಯದು ಒಂದು. ಒಂದು ಛಾಯೆ ಮಂಕಾದ ಕೆಂಪು ಆರಿಸಿಕೊಂಡೆ. ಕೈಗೆ ಹಿಡಿದು ನೋಡಿದರೆ ಗೆರೆಯೊಳಗೆ ತುಂಡು ಗೆರೆ ಇನ್ನೂ ಕಾಣುತ್ತದೆ, ಉಟ್ಟಾಗ ಕಾಣುವುದಿಲ್ಲ. ಚಿಗವ್ವ "ನಿನ್ನ ಹಟಾ" ಅಂತ ಬಿಟ್ಟಳು.

ಹೊಲಿಗೆ

ಕಪ್ಪು ಬಟ್ಟೆ. ತೊಡೆ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ, ಎಳೆಗಳ ನಡುವೆ ಬೆಳಕು ಕಾಣುತ್ತದೆ. ಸೂಜಿ ಮೊಂಡು ತುದಿಯದು ಬೇಕು. ಚೂಪಾದದ್ದು ಹಳೇ ದಾರದ ನಡುವೆಯೇ ತೂರಿ ಅದನ್ನು ಸೀಳುತ್ತದೆ, ಆ ಹಳೇ ದಾರವೇ ಈಗ ಆಸ್ತಿ. ಸೀರೆಯನ್ನು ಬಟ್ಟೆ ಬಿಗಿಯುವ ಕಸೂತಿ ರಿಂಗಿಗೆ ಹಾಕಲಿಲ್ಲ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನೂ ಒಡಲಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ, ಕಸೂತಿ ಇರುವುದು ಆ ಜೋಡಣೆಯ ಹತ್ತಿರವೇ. ಹಳೇ ಕೊಂಡಿಯನ್ನು ರಿಂಗಿನಲ್ಲಿ ಎಳೆಯುವ ಧೈರ್ಯ ನನಗಿಲ್ಲ. ಕೈಯಲ್ಲೇ ಹಿಡಿದು ಹೊಲಿದೆ, ನಿಧಾನ ಆಗುತ್ತದೆ ಅಷ್ಟೇ.

ಸತ್ತ ದಾರದ ಪುಡಿಯನ್ನು ಮೊದಲು ಚಿಮಟದಿಂದ ತೆಗೆದೆ, ಎಳೆಯದೆ, ಬರೀ ಎತ್ತಿ. ಹಳೇ ತೂತುಗಳು ಇನ್ನೂ ಬಾಯಿ ತೆರೆದುಕೊಂಡಿದ್ದವು, ಬಹಳ ಕಡೆ ಎಣಿಸುವ ಕೆಲಸವೇ ಬೀಳಲಿಲ್ಲ. ಗಂಟಿಲ್ಲದೆ ಶುರು ಮಾಡಲು ಒಂದು ಬಾಲ ಬಿಟ್ಟುಕೊಂಡು, ಆಮೇಲೆ ಅದನ್ನು ಹೊಲಿಗೆಗಳ ಕೆಳಗೆ ಹಿಂದೆ ಮುಂದೆ ತೂರಿಸಿ ಮುಚ್ಚಿದೆ. "ಗಂಟ ಕಂಡರ ನಮ್ಮತ್ತಿಯವರು ಪೂರಾ ಬಿಚ್ಚಸ್ತಿದ್ರು" ಅಂತ ಚಿಗವ್ವ ಪಕ್ಕದಲ್ಲಿ ಕೂತು ನೆನಪಿಸುತ್ತಲೇ ಇದ್ದಳು.

ಗೆರೆ ನೆಟ್ಟಗೆ ಬರಬೇಕೆಂದರೆ ಒಂದು ಉಪಾಯ. ವಾಪಸ್ ಬರುವಾಗ ಪ್ರತಿ ತೂತಿನಲ್ಲಿ ಹಳೇ ದಾರ ಈಗಾಗಲೇ ಇರುತ್ತದೆ. ಸೂಜಿ ಮೇಲೆ ಬರುವಾಗ ಯಾವಾಗಲೂ ಅದರ ಒಂದು ಪಕ್ಕದಿಂದ ಬರಲಿ, ಕೆಳಗೆ ಹೋಗುವಾಗ ಯಾವಾಗಲೂ ಇನ್ನೊಂದು ಪಕ್ಕದಿಂದ ಹೋಗಲಿ. ಒಮ್ಮೆ ಹೀಗೆ ಒಮ್ಮೆ ಹಾಗೆ ಮಾಡಿದರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕುಣಿಯುತ್ತದೆ. ಬಿಗಿತವೂ ಹಳೆಯದರಷ್ಟೇ ಇರಲಿ. ಜಾಸ್ತಿ ಎಳೆದರೆ ತೂತು ಹಿಗ್ಗಿ ಬೆಳಕು ಬೀಳುತ್ತದೆ. ಬಲಗಡೆಯ ಮಾಯವಾದ ಕವಲುಗಳನ್ನು ಎಡಗಡೆಯದರ ಕನ್ನಡಿ ರೂಪವಾಗಿ ಹೊಲಿದೆ, ತೂತುಗಳೂ ಅದನ್ನೇ ಹೇಳುತ್ತಿದ್ದವು.

ಮುರ್ಗಿ ಬೇರೆಯೇ ಕಥೆ

ಗೋಪುರಗಳ ಕೆಳಗೆ ಮುರ್ಗಿಯ ಒಂದು ಅಂಚಿದೆ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುವ ಗೆರೆ. ಅದೂ ಅದೇ ಎರಡು ಲಡಿಗಳಲ್ಲಿ ಆಗಿದ್ದು, ಅದರದ್ದೂ ಒಂದು ಓಟ ಹೋಗಿದೆ. ಹಾನಿ ಒಂದೇ, ಕಾಣುವ ರೀತಿ ಮಾತ್ರ ಏನೇನೂ ಸಂಬಂಧವಿಲ್ಲ. ಅರ್ಧ ಹೋದ ಗೋಪುರ ಇನ್ನೂ ಗೋಪುರದ ಹಾಗೇ ಕಾಣುತ್ತಿತ್ತು. ಅರ್ಧ ಹೋದ ಮುರ್ಗಿಯಲ್ಲಿ ಮೆಟ್ಟಿಲೇ ಇಲ್ಲ. ಮುಂದೆ ಬರೀ ಅಡ್ಡ ಗೆರೆಗಳು ಓರೆಯಾಗಿ ತೇಲುತ್ತಿವೆ, ಹಿಂದೆ ತಿರುಗಿಸಿದರೆ ಬರೀ ನಿಂತ ಗೆರೆಗಳು.

ಕಾರಣ ಯೋಚಿಸಿದರೆ ಗೊತ್ತಾಗುತ್ತದೆ. ನೆಟ್ಟಗಿನ ಗೆರೆಯಲ್ಲಿ ಒಂದು ತುಂಡು ಮುಂದಿನ ತುಂಡಿನ ಕಡೆ ಬೆರಳು ಮಾಡುತ್ತದೆ, ಕಣ್ಣು ಆ ದಿಕ್ಕಿನಲ್ಲೇ ಹೋಗಿ ಖಾಲಿಯನ್ನು ದಾಟುತ್ತದೆ. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ 1923ರ ತಮ್ಮ ಲೇಖನದಲ್ಲಿ ಚುಕ್ಕಿ, ಗೆರೆಗಳ ಚಿತ್ರ ಹಾಕಿ ವಿವರಿಸಿದ್ದು ಇದನ್ನೇ, ಕಣ್ಣು ಗೆರೆಯನ್ನು ಅದು ಹೊರಟ ದಿಕ್ಕಿನಲ್ಲೇ ಮುಂದುವರಿಸುತ್ತದೆ ಅಂತ. ಮುರ್ಗಿಯಲ್ಲಿ ಪ್ರತಿ ಹೊಲಿಗೆಗೂ ತಿರುವು. ಓಟದ ಹೊಲಿಗೆ ಒಂದು ಬಿಟ್ಟು ಒಂದು ಹಿಡಿಯುವುದರಿಂದ ಹೋಗುವ ಓಟಕ್ಕೆ ಅಡ್ಡ ಗೆರೆಗಳೆಲ್ಲ ಮೇಲೆ, ನಿಂತ ಗೆರೆಗಳೆಲ್ಲ ಹಿಂದೆ. ಉಳಿದ ತುಂಡು ಮುಂದಿನ ತುಂಡಿನ ಕಡೆ ನೋಡುತ್ತಲೇ ಇಲ್ಲ. ತಿರುವುಗಳೆಲ್ಲ ಹೋದ ದಾರದ ಜೊತೆ ಹೋದವು.

ಇದು ಡಿಸೈನ್ ಮಾಡುವವರಿಗೂ ಕೆಲಸಕ್ಕೆ ಬರುತ್ತದೆ ಅನ್ನಿಸುತ್ತದೆ. ನಕ್ಷೆಯಲ್ಲೋ ಪೋಸ್ಟರಿನಲ್ಲೋ ತುಂಡು ಗೆರೆ ಹಾಕುವಾಗ ನಾವು ತುಂಡಿನ ಉದ್ದ, ಖಾಲಿಯ ಉದ್ದ ನೋಡುತ್ತೇವೆ. ನೋಡಬೇಕಾದ್ದು ಖಾಲಿ ಎಲ್ಲಿ ಬೀಳುತ್ತದೆ ಅನ್ನುವುದನ್ನು. ನೆಟ್ಟಗಿನ ಭಾಗದಲ್ಲಿ ಅರ್ಧ ಅಳಿಸಿದರೂ ನಡೆಯುತ್ತದೆ. ಮೂಲೆಯನ್ನು ಮಾತ್ರ ಅಳಿಸಬಾರದು, ತಿರುವಿನಲ್ಲಿ ಯಾವಾಗಲೂ ದಾರ ಇರಬೇಕು.

ಅಷ್ಟೇ ಕುತೂಹಲದ್ದು ಅದೇ ಸೆರಗಿನ ನೇಗಿ ಪಟ್ಟಿ. ಅದಕ್ಕೆ ಏನೂ ಆಗಿಲ್ಲ. ನೇಗಿಯಲ್ಲಿ ವಾಪಸ್ ಬರುವ ಓಟವೇ ಇಲ್ಲ, ಖಾಲಿಯನ್ನು ಯಾರೂ ತುಂಬುವುದಿಲ್ಲ. ಒಂದು ಸಾಲಿನಲ್ಲಿ ಉದ್ದ ಹೊಲಿಗೆ, ಮುಂದಿನ ಸಾಲಿನಲ್ಲಿ ತುಸು ಗಿಡ್ಡ, ಅದರ ಮುಂದೆ ಇನ್ನೂ ಗಿಡ್ಡ, ಹೀಗೆ ಸಾಲು ಸಾಲಾಗಿ ತುಂಡು ಗೆರೆಗಳ ಉದ್ದ ಬದಲಾಯಿಸಿಯೇ ಹೂವು, ವಜ್ರ ಬಿಡಿಸುತ್ತಾರೆ, ನೇಯ್ದ ಹಾಗೆ ಕಾಣುತ್ತದೆ. ಹಿಂದೆ ತಿರುಗಿಸಿದರೆ ಅದರ ಉಲ್ಟಾ: ಮುಂದೆ ದಾರ ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ದಾರ. ಗವಂತಿಯವರು ಮುಚ್ಚಿಡುವುದನ್ನು ನೇಗಿಯವರು ಎದುರಿಗೇ ಇಟ್ಟಿದ್ದಾರೆ. ನನ್ನನ್ನು ಕೇಳಿದರೆ ನಾಲ್ಕರಲ್ಲಿ ನೇಗಿಯೇ ಚೆಂದ, ಆದರೆ ಧಾರವಾಡದಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಡಿ.

ಈಗಿನ ಸ್ಥಿತಿ: ಗೋಪುರದ ಸಾಲು ಮುಗಿದಿದೆ, ಮುರ್ಗಿ ಅರ್ಧ ಆಗಿದೆ. ಇಸ್ತ್ರಿ ಮಾಡಿಲ್ಲ, ಮಾಡುವುದೂ ಇಲ್ಲ. ಮಡಿಕೆ ಕಸೂತಿಯ ಮೇಲೆ ಬೀಳದ ಹಾಗೆ ಸೀರೆಯನ್ನು ಹಳೇ ಹತ್ತಿ ಬಟ್ಟೆಯ ಜೊತೆ ಸುತ್ತಿ ಇಟ್ಟಿದ್ದೇವೆ. ಹಸಿರು ದಾರದ ತೊಟ್ಟಿಲು ಒಂದರ ಹತ್ತಿರ ಅದೇ ಮಂಕು ಪುಡಿ ಕಾಣಲು ಶುರುವಾಗಿದೆ, ಅದು ಉದುರುವ ಮೊದಲೇ ಎರಡೂ ಕಡೆಯ ಫೋಟೊ ತೆಗೆದು ಇಟ್ಟುಕೊಂಡೆ. ಗೋಪುರದ ಎಸ್‌ವಿಜಿ ಫೈಲ್ ಬೇಕಾದವರು ಕೇಳಿ, ಕಳಿಸುತ್ತೇನೆ. ಹೋಗುವ ಓಟ, ಬರುವ ಓಟ, ಕರ್ಣ, ಮೂರೂ ಬೇರೆ ಬೇರೆ ಲೇಯರಿನಲ್ಲಿವೆ.